ಮಳೆಯೂ ಮಲೆಯೂ

ಕಳೆದ ಮಳೆಗಾಲದ ಮಾತು. ಊರಿನಿಂದ ಅಮ್ಮ ಫೋನ್ ಮಾಡಿದ್ದರು. ದೆಹಲಿಯಲ್ಲೇ ಹುಟ್ಟಿ ಬೆಳೆದ ನಮ್ಮ ಮಗಳು, "ಅಜ್ಜೀ, ಇಲ್ಲಿ ಜೋರು ಮಲೆ" ಎಂದಳು. "ದಿಲ್ಲಿಗೆ ಮಲೆ ಎಲ್ಲಿಂದ ಬಂತೇ? ನಮ್ಮ ಮಲೆನಾಡೇ ಅಲ್ಲಿಗೆ ಹೊರಟಿತೇನು?" ಎಂದು ಅಮ್ಮ ನಕ್ಕರು. ನಾವೂ ನಕ್ಕೆವು. ಹದಿಮೂರರ ಹುಡುಗಿ ಮಾತ್ರ ನಗಲಿಲ್ಲ. ಅಂದಿನಿಂದ ಅಜ್ಜಿಯೊಡನೆ ಅವಳ ಮಾತು "ಹೂಂ", "ಉಹೂಂ"ಗಳಿಗೆ ಇಳಿದುಬಿಟ್ಟಿತು.

ತಪ್ಪು ನಮ್ಮದೇ. ಗಂಡ ಹೆಂಡತಿ ಇಬ್ಬರೂ ಕಚೇರಿಗೆ ಹೋಗುವವರು. ಕೂಸು ಹಗಲೆಲ್ಲ ಹಿಂದಿ ಆಡುವ ಆಯಾಳ ಮಡಿಲಲ್ಲಿತ್ತು. ಸಂಜೆ ದಣಿದು ಬಂದ ನಾವೂ ಆಕೆಯ ಹಿಂದಿಯಲ್ಲೇ ಮುದ್ದಾಡುತ್ತಿದ್ದೆವು. ಕನ್ನಡಕ್ಕೇನು ವ್ಯವಸ್ಥೆ ಎಂದರೆ ತೊಟ್ಟಿಲ ಬಳಿ ಒಂದು ಸಿ.ಡಿ. ಪ್ಲೇಯರ್! ಅದು ದಿನವಿಡೀ ಶಿಶುಗೀತೆ ಹಾಡುತ್ತಿತ್ತು. ಕರ್ತವ್ಯ ಮುಗಿಯಿತೆಂದು ನಾವು ಕಡತ ಮುಚ್ಚಿದ್ದೆವು.

ಅದನ್ನು ಮತ್ತೆ ತೆರೆಸಿದವರು ಪೆಟ್ರೀಷಿಯಾ ಕೂಲ್. ಅಮೆರಿಕದ ಸಿಯಾಟಲ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಹಸುಳೆಗಳು ಮಾತು ಕಲಿಯುವ ಬಗೆಯನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ವಿದುಷಿ. ಕಾಲೇಜು ಬಿಟ್ಟ ಮೇಲೆ ವಿಜ್ಞಾನ ಓದುವ ಚಟ ಉಳಿಸಿಕೊಂಡಿರುವ ಈ ಬಿ.ಎಸ್ಸಿ. ಗುಮಾಸ್ತರಿಗೆ ಅವರ ಪ್ರಯೋಗ ಓದಿ ನಿದ್ದೆ ಬರಲಿಲ್ಲ.

ಇದಕ್ಕೆ ಹಿನ್ನೆಲೆಯೊಂದುಂಟು. 1984ರಲ್ಲಿ ಜಾನೆಟ್ ವೆರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಕೆನಡಾದ ಸಂಶೋಧಕರು ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ಟಕಾರ, ತಕಾರಗಳನ್ನು ಕೇಳಿಸಿದರು. ಧ್ವನಿ ಬದಲಾದಾಗ ಕೂಸು ತಲೆ ತಿರುಗಿಸಿದರೆ ಪೆಟ್ಟಿಗೆಯೊಳಗಿನ ಆಟಿಕೆ ಕುಣಿಯುತ್ತಿತ್ತು. ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಹೆಚ್ಚಿನವು ವ್ಯತ್ಯಾಸ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳವುಗಳಲ್ಲಿ ಬೆರಳೆಣಿಕೆಯವು ಮಾತ್ರ. ತನ್ನ ಸುತ್ತ ಕೇಳದ ಧ್ವನಿಗೆ ಕೂಸು ವರ್ಷ ತುಂಬುವ ಮೊದಲೇ ಕಿವಿಗೊಡುವುದನ್ನು ಬಿಡುತ್ತದೆ.

ಹಾಗಾದರೆ ಬರಿದೇ ಕೇಳಿಸಿದರೆ ಸಾಕೇ? ಕೂಲ್ ಅವರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳ ಎದುರು ಚೀನೀ ಭಾಷಿಕರು ಕುಳಿತು, ಪುಸ್ತಕ ಓದಿ, ಆಟಿಕೆ ತೋರಿಸಿ ಚೀನೀ ಭಾಷೆಯಲ್ಲಿ ಮಾತಾಡಿದರು. ಇಪ್ಪತ್ತೈದು ನಿಮಿಷದ ಹನ್ನೆರಡು ಬೈಠಕ್ಕುಗಳು, ಅಷ್ಟೇ. ಆ ಕೂಸುಗಳು ಚೀನೀ ಧ್ವನಿಭೇದವನ್ನು ತೈವಾನಿನ ಕೂಸುಗಳಿಗೆ ಸರಿಸಮನಾಗಿ ಗುರುತಿಸಿದವು. ಬೇರೆ ಕೂಸುಗಳಿಗೆ ಅದೇ ಭಾಷಿಕರ ಮಾತನ್ನು ಟಿ.ವಿ. ಪರದೆಯಲ್ಲಿ, ಇನ್ನು ಕೆಲವಕ್ಕೆ ಧ್ವನಿಮುದ್ರಿಕೆಯಲ್ಲಿ ಅಷ್ಟೇ ಹೊತ್ತು ಒದಗಿಸಿದರು. ಅವು ಏನೂ ಕಲಿಯಲಿಲ್ಲ! ಉಳಿದೆಲ್ಲ ಹಾಗೇ ಇಟ್ಟು ಒಂದನ್ನೇ ಬದಲಿಸು ಎಂದು ಪ್ರಯೋಗಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದೂ ಇದನ್ನೇ. ಇಲ್ಲಿ ಬದಲಾದದ್ದು ಎದುರಿಗಿದ್ದ ಮನುಷ್ಯ.

ಅವರು ಪರೀಕ್ಷಿಸಿದ್ದು ಬೇರೆ ಧ್ವನಿಗಳನ್ನು, ನಮ್ಮ ಮನೆಯ ತಕರಾರು ಲಕಾರ ಳಕಾರಗಳದ್ದು. ಆದರೂ ತೊಟ್ಟಿಲ ಬಳಿಯ ಆ ಯಂತ್ರ ಕಣ್ಣಮುಂದೆ ಬಂದು ನಿಂತಿತು. ಅದು ಎಷ್ಟೇ ಹಾಡಿದರೂ ಮಗುವಿನ ಮುಖ ನೋಡಿರಲಿಲ್ಲ. ನೋಡಬೇಕಾಗಿದ್ದವರು ನಾವು.

ಕಿವಿಯ ಬಾಗಿಲು ಪೂರ್ತಿ ಮುಚ್ಚಿಹೋಗುವುದಿಲ್ಲ, ದೊಡ್ಡವರಾದ ಮೇಲೆ ಹೆಚ್ಚು ಪ್ರಯಾಸವಾಗುತ್ತದೆ ಎಂಬುದೊಂದು ಸಮಾಧಾನ. ದೀಪಾವಳಿ ಕಳೆದ ಮೇಲೆ ಅಮ್ಮನನ್ನು ಕರೆಸಿಕೊಂಡೆವು. ಬಂದ ಮರುದಿನವೇ ಅವರು ಮೊಮ್ಮಗಳೊಡನೆ ಹಿಂದಿ ಪ್ರಯೋಗಿಸಿದರು. "ಕಾನಾ ಹೋ ಗಯಾ?" ಖಾನಾ ಎಂದರೆ ಊಟ, ಕಾನಾ ಎಂದರೆ ಒಕ್ಕಣ್ಣ! ಮಗಳು ಹೊಟ್ಟೆ ಹಿಡಿದು ನಕ್ಕಳು. ಅಮ್ಮನೂ ನಕ್ಕು, "ಸರಿ ಕಣೇ, ನೀನು ನನಗೆ ಖ ಹೇಳಿಕೊಡು, ನಾನು ನಿನಗೆ ಳ ಹೇಳಿಕೊಡುತ್ತೇನೆ" ಎಂದರು. ಈಗ ಸಂಜೆ ಹೊತ್ತು ಅಡುಗೆಮನೆಯಲ್ಲಿ ಇಬ್ಬರೂ ಎದುರುಬದುರು ಕುಳಿತು, ಬಾಯಿ ತೆರೆದು, ನಾಲಿಗೆ ಮಡಚಿ ತೋರಿಸಿಕೊಳ್ಳುತ್ತಾರೆ. ಹತ್ತರಲ್ಲಿ ಆರು ಸಲ ಮಳೆ ಬರುತ್ತದೆ. ಉಳಿದ ನಾಲ್ಕು ಸಲ ಮಲೆ ಬಂದರೂ ಮಾತು ನಿಲ್ಲುವುದಿಲ್ಲ.

ಕೊನೆಗೊಂದು ವಿನಂತಿ. ಸಂಘದ ಕಾರ್ಯಕ್ರಮಗಳಲ್ಲಿ ಕೂಸು ಅತ್ತರೆ ಹಿಂತಿರುಗಿ ಕಣ್ಣು ಕೆಕ್ಕರಿಸುತ್ತಿದ್ದವರಲ್ಲಿ ನಾವೂ ಒಬ್ಬರು. ಇನ್ನು ಹಾಗೆ ಮಾಡೆವು. ಎಳೆಯ ತಂದೆತಾಯಿಯರೇ, ಕೂಸುಗಳನ್ನು ಕರೆತನ್ನಿ. ಅತ್ತರೆ ನಮ್ಮ ಕೈಗೆ ಕೊಡಿ. ಮುಖ ನೋಡಿ ಕನ್ನಡದಲ್ಲೇ ಸಮಾಧಾನ ಮಾಡುತ್ತೇವೆ.