ಉಳವಿ ಜಾತ್ರೆಯಲ್ಲಿ ನಮ್ಮ ವಚನ ಮೇಳ

ಉತ್ತರ ಕನ್ನಡ ಜಿಲ್ಲೆಯ ಜೊಯಿಡಾ ತಾಲೂಕಿನ ದಟ್ಟ ಅಡವಿಯ ನಡುವೆ ಉಳವಿ ಕ್ಷೇತ್ರವಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ವಿಪ್ಲವವಾದಾಗ ಚನ್ನಬಸವಣ್ಣನವರು ಶರಣಗಣದೊಡನೆ ಇಲ್ಲಿಗೆ ಬಂದು ಐಕ್ಯರಾದರೆಂಬುದು ಪರಂಪರೆಯ ನಂಬಿಕೆ. ಮಾಘಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ರೈತಭಕ್ತರು ಚಕ್ಕಡಿ ಹೂಡಿಕೊಂಡು ಬರುವುದನ್ನು ಓದುಗರಲ್ಲಿ ಅನೇಕರು ಕಂಡಿರಬಹುದು. 2012ರಲ್ಲಿ ನಾವೂ ಹೋಗಿದ್ದೆವು. ಆದರೆ ಚಕ್ಕಡಿಯಲ್ಲಲ್ಲ, ಬಸ್ಸಿನಲ್ಲಿ. ನಿಜ ಹೇಳಬೇಕೆಂದರೆ ದರ್ಶನಕ್ಕಿಂತ ಹಾಡಿ ಬರುವ ಆಸೆಯೇ ಹೆಚ್ಚಾಗಿತ್ತು.

ನಮ್ಮೂರ ಮೇಳದಲ್ಲಿ ಆರು ಜನ. ಯಾರೂ ಸಂಗೀತದಿಂದ ಹೊಟ್ಟೆ ಹೊರೆದವರಲ್ಲ. ಹಾರ್ಮೋನಿಯಂ ನುಡಿಸುತ್ತ ಹಾಡುವ ಹಿರಿಯರು ನಿವೃತ್ತ ಶಿಕ್ಷಕರು. ತಬಲಾದವರು ಹತ್ತಿಯ ಅಂಗಡಿಯಲ್ಲಿ ಲೆಕ್ಕ ಬರೆಯುವವರು, ತಾಳದವರು ದರ್ಜಿ. ನಾವು ಎಳವೆಯಲ್ಲಿ ಮಠದಲ್ಲಿ ಕಲಿತವರಾದ್ದರಿಂದ, ಪ್ರತಿ ವಚನಕ್ಕೂ ಮುನ್ನ ಅರ್ಥ ಹೇಳುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಧಾರವಾಡ ಆಕಾಶವಾಣಿಯಲ್ಲಿ ಮಲ್ಲಿಕಾರ್ಜುನ ಮನಸೂರರ (1910–1992) ವಚನಗಾಯನ ಕೇಳುತ್ತ ಬೆಳೆದ ಹಿರಿಯರಿಗೆ ರಾಗಶುದ್ಧಿಯೆಂದರೆ ಪ್ರಾಣ. ಅವರ ವಾದ್ಯವನ್ನೇ 1940ರಿಂದ 1971ರವರೆಗೆ ಆಕಾಶವಾಣಿ ದೂರವಿಟ್ಟಿತ್ತೆಂದು ನಾವು ಛೇಡಿಸಿದರೆ ಸಿಟ್ಟಾಗುತ್ತಿದ್ದರು.

ಮೇಳಕ್ಕೆ ಅದುವರೆಗೆ ದೊರೆತ ಸಭೆಗಳು ಹೇಳಿಕೊಳ್ಳುವಂಥವಲ್ಲ. ಒಂದು ಮದುವೆಯಲ್ಲಿ ಸಿನಿಮಾ ಹಾಡು ಬರುತ್ತದೆಯೇ ಎಂದು ಕೇಳಿದರು. ಒಂದು ಗೃಹಪ್ರವೇಶದಲ್ಲಿ ಊಟಕ್ಕೆ ಕರೆದೊಡನೆ ಸಭೆ ಬರಿದಾಯಿತು, ತಬಲಾದವರೂ ಎದ್ದರು. ಸಾವಿನ ಮನೆಯ ರಾತ್ರಿ ಭಜನೆಯಲ್ಲಿ ಮಾತ್ರ ಜನ ಬೆಳಗಿನವರೆಗೆ ಕುಳಿತಿರುತ್ತಿದ್ದರು. “ನಮಗ ಛಲೋ ಸಭಾ ಸಿಗಬೇಕಂದ್ರ ಯಾರರೆ ಲಿಂಗೈಕ್ಯ ಆಗಬೇಕು” ಎಂದು ದರ್ಜಿ ನಗೆಯಾಡಿದಾಗ ಹಿರಿಯರು ನಗಲಿಲ್ಲ. ಉಳವಿಯಲ್ಲಿಯೂ ಕೇಳುವವರಿಲ್ಲವಾದರೆ ಪೆಟ್ಟಿಗೆ ಮುಚ್ಚಿಬಿಡುವುದಾಗಿ ಹೇಳಿದರು. ಮೂರು ತಿಂಗಳು ಚನ್ನಬಸವಣ್ಣನವರ ವಚನಗಳನ್ನಷ್ಟೇ ಅಭ್ಯಾಸ ಮಾಡಿಸಿದರು.

ಹಳಿಯಾಳ, ದಾಂಡೇಲಿ ದಾಟಿ ಗಣೇಶಗುಡಿಗೆ ಬಂದೆವು. ಕಾಳಿಯ ಅಣೆಕಟ್ಟಿನ ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿದೆ. ಅದರ ಸುದ್ದಿ ಹೇಳತೊಡಗಿದೆವು. ಹಿರಿಯರು ಕಿವಿಗೊಡದೆ ತೊಡೆಯ ಮೇಲೆ ಬೆರಳಾಡಿಸುತ್ತ ಕುಳಿತಿದ್ದರು. ಮುಂದೆ ಕುಂಬಾರವಾಡದಿಂದ ಉಳವಿಯವರೆಗೆ ಬರೀ ಕಾಡು.

ರಥೋತ್ಸವದ ದಿನ ಮಧ್ಯಾಹ್ನ ದಾರಿಯ ಬದಿಯ ಮರದಡಿ ಜಮಖಾನೆ ಹಾಸಿ, ಬ್ಯಾಟರಿಯ ಧ್ವನಿವರ್ಧಕ ಇಟ್ಟುಕೊಂಡು ಕುಳಿತೆವು. ಷಟ್‌ಸ್ಥಲದ ವಿವರಣೆಗೆ ನಾವು ಸಾಕಷ್ಟು ಹೊತ್ತು ತೆಗೆದುಕೊಂಡೆವು. ಹಿರಿಯರು ಭೀಮಪಲಾಸ ಎತ್ತಿಕೊಳ್ಳುವಷ್ಟರಲ್ಲಿ ಡೊಳ್ಳು, ಹಲಗೆ, “ಹರ ಹರ ಮಹಾದೇವ” ಘೋಷ ಎಲ್ಲವೂ ಒಮ್ಮೆಲೆ ಮೇಲೆ ಬಂದವು. ಅವರ ತುಟಿ ಆಡುವುದು ಕಾಣುತ್ತಿತ್ತು, ದನಿ ನಮಗೇ ಕೇಳದು. ಆಗ ಒಬ್ಬ ಅಜ್ಜಿ ಅಳುತ್ತ ಬಂದು, “ಯಪ್ಪಾ, ಮಮ್ಮಗ ಕಾಣವಲ್ಲ, ಇದರಾಗ ಒಂದೀಟು ಒದರ್ರಿ” ಎಂದಳು. ದರ್ಜಿ ಹುಡುಗನ ಹೆಸರು ಕೂಗಿದರು. ಹುಡುಗ ಸಿಕ್ಕ. ಅಷ್ಟೇ ಸಾಕಾಯಿತು. ಕತ್ತಲಾಗುವವರೆಗೆ ಕಳೆದುಹೋದ ಮಕ್ಕಳ, ಮುದುಕರ, ಒಂದು ಸಲ ಒಂದು ಎತ್ತಿನ ಗುರುತು ಹೇಳಿ ಕೂಗುವುದೇ ಮೇಳದ ಸೇವೆಯಾಯಿತು. ಅರ್ಧಕ್ಕೆ ನಿಂತ ವಚನ ಅರ್ಧಕ್ಕೇ ಉಳಿಯಿತು. ಹಿರಿಯರು ಯಾರನ್ನೂ ಬಯ್ಯಲಿಲ್ಲ. ಹಾರ್ಮೋನಿಯಮ್ಮಿಗೆ ಬಟ್ಟೆ ಸುತ್ತಿ ಗಂಟು ಹಾಕಿದರು. ಆ ಗಂಟು ನೋಡಿ ನಮಗೆ ಕಸಿವಿಸಿಯಾಯಿತು.

ರಾತ್ರಿ ಮಲಗಲು ಜಾಗ ಸಿಕ್ಕದ್ದು ಚಕ್ಕಡಿಗಳ ಬೀಡಿನಲ್ಲಿ. ಕೊಳ್ಳು ಹರಿದು ಮಲಗಿದ ಎತ್ತುಗಳು ಮೆಲುಕಾಡಿಸುತ್ತಿದ್ದವು, ಕೊರಳ ಗೆಜ್ಜೆ ಆಗಾಗ ಅಲುಗುತ್ತಿತ್ತು. ಮಾಘದ ಚಳಿ. ಒಲೆಗಳ ಸುತ್ತ ಕುಳಿತ ಹತ್ತಾರು ರೈತರು ದಮ್ಮಡಿ ಬಡಿಯುತ್ತ ಭಜನೆ ನಡೆಸಿದ್ದರು. ಗಂಟು ಕಂಡೊಬ್ಬರು, “ಮಾಸ್ತರ, ಪೆಟಿಗಿ ಐತೇನ್ರಿ? ಸುರು ಹಿಡಿದರ ಸಾಕ್ರಿ” ಎಂದರು. ಹಿರಿಯರು ಬಹಳ ಹೊತ್ತು ಸುಮ್ಮನಿದ್ದು ಗಂಟು ಬಿಚ್ಚಿದರು. ನಾವು ರೂಢಿಯಂತೆ ಗಂಟಲು ಸರಿಪಡಿಸಿಕೊಂಡು ಅರ್ಥ ಹೇಳಲು ತೊಡಗಿದೆವು. ಮೂರನೆಯ ವಾಕ್ಯಕ್ಕೆ ಒಬ್ಬ ತರುಣ ಕೈಮುಗಿದು, “ಅಜ್ಜಾರ, ಅರ್ಥ ಮುಂಜಾನೆ ಹೇಳೀರಂತ, ಈಗ ಹಾಡೂಣ್ರಿ” ಎಂದ. ನಲವತ್ತು ವರ್ಷ ಓದಿದ್ದಕ್ಕೆ ಆ ಮಾತು ನಾಟಿತು. ಆದರೆ ಮಧ್ಯಾಹ್ನ ಜನ ಕೂಡ್ರದೆ ಹೋದದ್ದು ಡೊಳ್ಳಿನ ಸದ್ದಿಗಷ್ಟೇ ಅಲ್ಲ ಎಂಬುದು ಅಲ್ಲಿ ಹೊಳೆಯಿತು.

ಅವರ ಶ್ರುತಿ ಹಿರಿಯರ ಕರಿ ಒಂದಲ್ಲ. ಏರುತ್ತ ಏರುತ್ತ ಕರಿ ನಾಲ್ಕಕ್ಕೆ ಹೋಗುತ್ತಿತ್ತು. ಆ ಎತ್ತರದಲ್ಲಿ ಹಿರಿಯರ ಕಂಠ ಏಳದು. ಹಾಡುವುದನ್ನು ಬಿಟ್ಟು ಬರಿಯ ಸ್ವರ ಹಿಡಿದು, ಅವರು ಏರಿದಲ್ಲಿಗೆ ಏರಿ, ಇಳಿದಲ್ಲಿಗೆ ಇಳಿಯುತ್ತ ಕುಳಿತರು. ರಾಗ ಎಲ್ಲೆಲ್ಲೋ ಮಿಶ್ರವಾಗುತ್ತಿದ್ದರೂ ಒಮ್ಮೆಯೂ ಮುಖ ಸಿಂಡರಿಸಲಿಲ್ಲ. ನಸುಕಿನ ಹೊತ್ತಿಗೆ ಯಾರೋ, “ಈಗ ನಿಮ್ಮದು ಒಂದು ಆಗಲಿ ಮಾಸ್ತರ” ಎಂದರು. ಮಧ್ಯಾಹ್ನ ಅರ್ಧಕ್ಕೆ ನಿಂತಿದ್ದ ವಚನವನ್ನೇ ಅವರು ಎತ್ತಿಕೊಂಡರು. ನಾಲ್ಕು ಜನ ನಿದ್ದೆ ಹೋಗಿದ್ದರು, ಆರೇಳು ಜನ ಕೇಳಿದರು. ಆ ತರುಣ ಕೊನೆಗೆ ನಮ್ಮ ಬಳಿ ಬಂದು, “ಅಜ್ಜಾರ, ಈಗ ಅರ್ಥ ಹೇಳ್ರಿ” ಎಂದು ಕುಳಿತ. ಐದು ಮಾತಿನಲ್ಲಿ ಮುಗಿಸಿದೆವು.

ಮರುವರ್ಷದ ಜಾತ್ರೆಗೆ ಹಿರಿಯರು ಹಾರ್ಮೋನಿಯಂ ಸಹಿತ ಅದೇ ರೈತರ ಚಕ್ಕಡಿ ಏರಿದರು. ನಮಗೆ ಸೊಂಟನೋವು, ಬಸ್ಸಿನಲ್ಲಿಯೇ ಹೋದೆವು.