ಒಂದು ತುಣುಕು, ತೊಂಬತ್ತು ಸಲ

ರಾತ್ರಿ ಹನ್ನೊಂದಾದರೂ ಹುಡುಗ ಕಂಪ್ಯೂಟರ್ ಬಿಟ್ಟೇಳಲಿಲ್ಲ. ಕಿವಿಗೆ ಹೆಡ್‌ಫೋನು, ಪರದೆಯ ತುಂಬ ಬಣ್ಣದ ಪಟ್ಟಿಗಳು. ‘ಪರೀಕ್ಷೆ ಹತ್ತಿರ ಬಂತು, ಇದೇನೋ ಆಟ?’ ಎಂದು ಅಪ್ಪ ಗದರಿದರು.

‘ಆಟ ಅಲ್ಲಪ್ಪಾ, ಕಾಲೇಜಿನ ನಾಟಕಕ್ಕೆ ಹಾಡು. ನಾಳೆಯೇ ಕೊಡಬೇಕು. ತಾಳದಲ್ಲಿ ಒಂದು ಪೆಟ್ಟು ತಪ್ಪಿದೆ, ತೊಂಬತ್ತು ಕಡೆ ತಿದ್ದಬೇಕು.’ ದನಿಯಲ್ಲಿ ಅಳುವಿತ್ತು.

ಅವನು ಬಳಸುತ್ತಿದ್ದುದು ಎಫ್‌ಎಲ್ ಸ್ಟುಡಿಯೋ. ಬೆಲ್ಜಿಯಂನ ಇಮೇಜ್ ಲೈನ್ ಕಂಪನಿ 1997ರಲ್ಲಿ ‘ಫ್ರೂಟಿಲೂಪ್ಸ್’ ಎಂಬ ಹೆಸರಿನಲ್ಲಿ ಹೊರತಂದು, 2003ರಲ್ಲಿ ಹೆಸರು ಬದಲಿಸಿದ ತಂತ್ರಾಂಶ. ಇದರಲ್ಲಿ ತಾಳದ ಒಂದು ತುಣುಕಿಗೆ ಸಾಮಾನ್ಯವಾಗಿ 16 ಮನೆಗಳು. ನಾಲ್ಕು ಮನೆಗೆ ಒಂದು ಬೀಟ್. ನಿಮಿಷಕ್ಕೆ 120 ಬೀಟ್ ವೇಗವಾದರೆ ತುಣುಕು ಮುಗಿಯಲು 2 ಸೆಕೆಂಡು ಸಾಕು. ಮೂರು ನಿಮಿಷದ ಹಾಡಿಗೆ ಅದು 90 ಸಲ ಬರಬೇಕು. ಹುಡುಗ ತೊಂಬತ್ತನ್ನೂ ಬೇರೆ ಬೇರೆ ಪ್ರತಿ ಮಾಡಿಟ್ಟಿದ್ದ.

ಕಂಪ್ಯೂಟರ್ ಅರಿಯದ ಅಪ್ಪ ಸುಮ್ಮನೆ ಕೇಳಿದರು: ‘ಎಲ್ಲಾ ಒಂದೇ ಆದರೆ ತೊಂಬತ್ತು ಸಲ ಬರೆಯೋದೇಕೆ? ಗುಣಾಕಾರ ಇರೋದು ಯಾತಕ್ಕೆ?’

ಹುಡುಗನಿಗೆ ಹೊಳೆಯಿತು. ಮೂಲ ತುಣುಕು ಒಂದನ್ನೇ ಉಳಿಸಿ, ಪ್ಲೇಲಿಸ್ಟಿನಲ್ಲಿ ಅದನ್ನೇ ಸಾಲಾಗಿ ಜೋಡಿಸಿದ. ಮೂಲದಲ್ಲಿ ಒಮ್ಮೆ ತಿದ್ದಿದ. ಎಲ್ಲ ಕಡೆಯೂ ಸರಿಯಾಯಿತು. ಪಲ್ಲವಿಗೆ ಮರಳುವ ಮುನ್ನ ಕೊಂಚ ಬೇರೆ ನಡೆ ಬೇಕಿತ್ತು. ಆ ಜಾಗದ ತುಣುಕನ್ನು ಮಾತ್ರ ಬೇರ್ಪಡಿಸಿ ಬದಲಿಸಿದ. ಒಂದೇ ಸಮನೆ ಮರುಕಳಿಸಿದರೆ ಕಿವಿ ಬೇಸರಗೊಳ್ಳುತ್ತದಲ್ಲವೇ?

ಮಲಗಲು ಹೊರಟ ಅಪ್ಪನ ಕಿವಿಗೆ ಹೆಡ್‌ಫೋನು ಹಾಕಿದ. ಮೂರು ನಿಮಿಷ ಅವರು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು: ‘ಇನ್ನೊಂದು ಸಲ ಹಾಕು. ಆಮೇಲೆ ಪುಸ್ತಕ ತೆಗಿ.’