ಕುಕ್ಕರಗಾಲಿನ ಗುರುತು

ಮೊಣಕಾಲಿನಿಂದ ಪಾದಕ್ಕೆ ಇಳಿಯುವ ದಪ್ಪ ಮೂಳೆ ಟಿಬಿಯ. ಅದರ ಕೆಳತುದಿಯ ಮುಂದಿನ ಅಂಚಿನಲ್ಲಿ, ಹೊರಮಗ್ಗುಲಿಗೆ, ಕೆಲವರಿಗೆ ಹುಣಸೆಬೀಜದಷ್ಟಗಲದ ನುಣ್ಣನೆಯ ತಗ್ಗು ಇರುತ್ತದೆ. ಕುಕ್ಕರಗಾಲಿನಲ್ಲಿ ಕೂತಾಗ ಪಾದದ ಟೇಲಸ್ ಮೂಳೆಯ ಕುತ್ತಿಗೆ ಬಂದು ಆ ಅಂಚನ್ನು ಒತ್ತುತ್ತದೆ. ವರ್ಷಗಟ್ಟಲೆ ಒತ್ತಿದರೆ ಎರಡು ಮೂಳೆಗಳಲ್ಲೂ ಗುರುತು ಮೂಡುತ್ತದೆ. ಆರ್ಥರ್ ಥಾಮ್ಸನ್ 1889ರಲ್ಲಿ ಇದರ ಬಗ್ಗೆ ಬರೆದ. ಲಾಹೋರ್ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುತ್ತಿದ್ದ ಹ್ಯಾವ್‌ಲಾಕ್ ಚಾರ್ಲ್ಸ್ 1893ರಲ್ಲಿ ಪಂಜಾಬಿಗಳ ಕಾಲಿನ ಮೂಳೆಗಳನ್ನು ಪರೀಕ್ಷಿಸಿ, ಅವರು ಕೂರುವ ರೀತಿಯೇ ಇದಕ್ಕೆ ಕಾರಣ ಎಂದು ವಿವರಿಸಿದ. ಯುರೋಪಿನವರ ಮೂಳೆಯಲ್ಲಿ ಅಪರೂಪವಾದ ಈ ಗುರುತು ನಮ್ಮವರಲ್ಲಿ ಸಾಮಾನ್ಯ.

ನನಗೆ ಇದನ್ನು ತೋರಿಸಿದವರು ಬಳ್ಳಾರಿ ಮೆಡಿಕಲ್ ಕಾಲೇಜಿನ ನಮ್ಮ ಮೇಷ್ಟ್ರು. 1961ರಲ್ಲಿ ಶುರುವಾದ ಆ ಕಾಲೇಜು ಆಮೇಲೆ ವಿಮ್ಸ್ ಆಯಿತು. ಎಂಬತ್ತರ ದಶಕದ ಮೊದಲಲ್ಲಿ ನಾನು ಅಲ್ಲಿಗೆ ಸೇರಿದಾಗ ನಮ್ಮೂರಿರುವ ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಮೇಷ್ಟ್ರು ಮೂಳೆಯನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಆ ತಗ್ಗನ್ನು ಸವರಿ, "ಕುಂತು ದುಡಿದ ಮನುಷ್ಯ ಇವ, ನೋಡ್ರಿ" ಅಂದರು. ಅಲ್ಲಿಯವರೆಗೆ ನಾನು ಮೂಳೆಯನ್ನು ಹೆಸರುಗಳ ಪಟ್ಟಿಯಂತೆ ಬಾಯಿಪಾಠ ಮಾಡುತ್ತಿದ್ದೆ. ಅದು ಬದುಕಿದ್ದ ಒಬ್ಬರ ಮೂಳೆ ಎಂದು ಆವತ್ತು ಕೈಗೆ ಗೊತ್ತಾಯಿತು.

ಆಗ ಬೋನ್ ಸೆಟ್ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಇಳಿದು ಬರುತ್ತಿತ್ತು. ಅರ್ಧ ಮೈಯ ಮೂಳೆಗಳು, ಒಂದು ಬಟ್ಟೆಯ ಚೀಲ. ನನಗೆ ಸಿಕ್ಕ ಸೆಟ್ಟಿನ ಮೇಲೆ ಹಿಂದಿನವರು ಸ್ನಾಯು ಹುಟ್ಟುವ ಜಾಗಕ್ಕೆ ಕೆಂಪು, ಸೇರುವ ಜಾಗಕ್ಕೆ ನೀಲಿ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿದ್ದರು. ರಜೆಯಲ್ಲಿ ಅದನ್ನು ನಮ್ಮೂರು ಹಲವಾಗಲಿಗೆ ತಂದರೆ ಅವ್ವ ಹೊಸ್ತಿಲಲ್ಲೇ ತಡೆದಳು. "ಯಾರ ಮನಿ ಮಗನೋ ಏನೋ, ಒಳಗ ಬ್ಯಾಡಪ್ಪ." ಚೀಲ ದನದ ಕೊಟ್ಟಿಗೆಯ ಅಟ್ಟ ಸೇರಿತು. ಅವ್ವ ದಿನಾ ಸಂಜೆ ಅದರ ಮುಂದೆ ಊದುಬತ್ತಿ ಹಚ್ಚುತ್ತಿದ್ದಳು. ನಾನು ಬೇಡ ಅನ್ನಲಿಲ್ಲ.

ಆ ರಜೆಯಲ್ಲೇ ಹೊಲಕ್ಕೆ ಹೋದಾಗ ಕಳೆ ತೆಗೆಯುವ ಹೆಂಗಸರನ್ನು ಬೇರೆ ಕಣ್ಣಿನಿಂದ ನೋಡಿದೆ. ಜೋಳದ ಸಾಲಿನಲ್ಲಿ ಬೆಳಗಿನಿಂದ ಹೊತ್ತು ಇಳಿಯುವವರೆಗೆ ಕುಕ್ಕರಗಾಲಿನಲ್ಲೇ ಸರಿಯುತ್ತಾ ಹೋಗುತ್ತಿದ್ದರು. ಎಲೆಅಡಿಕೆ ಹಾಕುವುದು, ಜಗಳ, ನಗೆ, ಮಗುವಿಗೆ ಹಾಲು ಕುಡಿಸುವುದು ಎಲ್ಲ ಹಾಗೆ ಕೂತೇ. ಹೊಳೆದಂಡೆಯಲ್ಲಿ ಬಟ್ಟೆ ತಿಕ್ಕುವವರು, ಒಲೆಯ ಮುಂದೆ ರೊಟ್ಟಿ ಬಡಿಯುವವರು, ಬಸ್ಸಿಗೆ ಕಾಯುತ್ತಾ ಬೀಡಿ ಸೇದುವ ಮುದುಕರು, ಊರಿಗೆ ಊರೇ ತನ್ನ ಮೂಳೆಯ ಮೇಲೆ ತನ್ನ ಬಾಳನ್ನು ಬರೆದುಕೊಳ್ಳುತ್ತಿತ್ತು.

ಈಚೆಗೆ ತಂಗಿಯ ಮಗಳು ಮೆಡಿಕಲ್ ಸೇರಿದಳು. ಅವಳ ಬೋನ್ ಸೆಟ್ ಪ್ಲಾಸ್ಟಿಕ್ಕಿನದು, ಬೆಳ್ಳಗೆ, ಹಗುರಾಗಿ. ಟಿಬಿಯ ತೆಗೆದು ಕೆಳಗಿನ ಅಂಚನ್ನು ಸವರಿದೆ. ಏನೂ ಇರಲಿಲ್ಲ. ಅವಳ ಗೆಳತಿಯರ ಸೆಟ್ಟಿನಲ್ಲೂ ಅದೇ ಟಿಬಿಯ, ಒಂದೇ ಅಚ್ಚು. "ಹೀಗೊಂದು ಗುರುತಿರುತ್ತದೆ" ಅಂದೆ. "ಪರೀಕ್ಷೆಗೆ ಕೇಳ್ತಾರಾ, ಮಾವ?" ಅಂದಳು.

ಅವಳ ತಪ್ಪಲ್ಲ. ಮೊದಲ ಎಂಬಿಬಿಎಸ್ ನಮಗೆ ಹದಿನೆಂಟು ತಿಂಗಳಿತ್ತು. 1997ರ ನಿಯಮದಿಂದ ಹನ್ನೆರಡಕ್ಕೆ ಇಳಿಯಿತು. ಕಾಲೇಜುಗಳು ಹೆಚ್ಚಿದಷ್ಟು ಶವಗಳು ಸಿಗುವುದಿಲ್ಲ. ಕಣ್ಣಲ್ಲಿ ನೀರು ಬರಿಸುತ್ತಿದ್ದ ಫಾರ್ಮಾಲಿನ್ ಕ್ಯಾನ್ಸರ್ ತರುತ್ತದೆಂದು 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೇ ಹೇಳಿತು. ಜರ್ಮನಿಯ ಗುಂಟರ್ ಫಾನ್ ಹಾಗೆನ್ಸ್ 1977ರಲ್ಲಿ ದೇಹದ ನೀರು, ಕೊಬ್ಬು ತೆಗೆದು ಪ್ಲಾಸ್ಟಿಕ್ ತುಂಬುವ ವಿಧಾನ ಕಂಡುಹಿಡಿದ. ಅಮೆರಿಕದ ಫ್ಲಾರಿಡಾದಲ್ಲಿ ಸಿನ್‌ಡೇವರ್ ಎಂಬ ಕಂಪನಿ ನೀರು, ನಾರು, ಉಪ್ಪುಗಳಿಂದ ಇಡೀ ಮನುಷ್ಯನನ್ನೇ ಮಾಡುತ್ತದೆ. ಚರ್ಮ ಬಿಡಿಸಿದರೆ ಸ್ನಾಯು, ಅದರಡಿ ರಕ್ತನಾಳ. ಇವುಗಳಲ್ಲಿ ಕಲಿಯಬಹುದು, ತಪ್ಪಿದರೆ ಮತ್ತೆ ಮಾಡಬಹುದು. ನಾನು ಇವನ್ನು ಬೇಡವೆನ್ನುವವನಲ್ಲ.

ಆದರೆ ಮಾದರಿಯಲ್ಲಿ ಎಲ್ಲವೂ ಪುಸ್ತಕದಲ್ಲಿದ್ದ ಜಾಗದಲ್ಲೇ ಇರುತ್ತದೆ. ನಮ್ಮ ಟೇಬಲ್ಲಿನ ದೇಹದಲ್ಲಿ ತೋಳಿನ ಅಪಧಮನಿ ಮೊಣಕೈ ಹತ್ತಿರ ಕವಲೊಡೆಯುವ ಬದಲು ಕಂಕುಳ ಕೆಳಗೇ ಎರಡಾಗಿತ್ತು. ಕನ್ನಿಂಗ್‌ಹ್ಯಾಮ್ ಪುಸ್ತಕ ತೆರೆದಿಟ್ಟುಕೊಂಡು ಇಡೀ ಬ್ಯಾಚು ಗಲಿಬಿಲಿಯಾಯಿತು. ಮುಂದೆ ಸರ್ಜರಿಯಲ್ಲಿ ಕತ್ತರಿ ಹಾಕುವ ಮೊದಲು ಒಂದು ಕ್ಷಣ ನಿಲ್ಲುವುದನ್ನು ನನಗೆ ಕಲಿಸಿದ್ದು ಆ ಗಲಿಬಿಲಿ.

ಹೀಗೆ ದೇಹವನ್ನೇ ನೋಡಿ ಕಲಿಯುವುದು ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿ ಶವವನ್ನು ಹುಲ್ಲು, ನಾರುಗಳಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ಹೊಳೆಯ ಮರೆಯ ಜಾಗದಲ್ಲಿ ಏಳು ರಾತ್ರಿ ಬಿಡಬೇಕೆಂದಿದೆ. ಆಮೇಲೆ ಲಾವಂಚ, ಬಿದಿರಿನ ಕುಂಚದಿಂದ ಮೆಲ್ಲಗೆ ಉಜ್ಜುತ್ತಾ ಪದರ ಪದರವಾಗಿ ಕಣ್ಣಾರೆ ನೋಡಬೇಕು. ನಮ್ಮೂರಿನಿಂದ ಗರ್ಭಗುಡಿ ಹಳ್ಳಿಗೆ ಹೋಗುವ ರಸ್ತೆಯನ್ನು ಮಳೆಗಾಲದಲ್ಲಿ ನುಂಗುವ ತುಂಗಭದ್ರೆಯನ್ನು ನೋಡಿದಾಗಲೆಲ್ಲ ನನಗೆ ಆ ಪಂಜರ ನೆನಪಾಗುತ್ತದೆ.

ಒಂದು ಮಾತು ಹೇಳಲೇಬೇಕು. ನಮ್ಮ ಚೀಲದ ಮೂಳೆಗಳು ಯಾರೂ ಮನಸ್ಸಾರೆ ಕೊಟ್ಟವಲ್ಲ. ರಾಜ್ಯದ 1957ರ ಅನಾಟಮಿ ಕಾಯ್ದೆಯಡಿ ಕಾಲೇಜಿಗೆ ಬರುತ್ತಿದ್ದವು ವಾರಸುದಾರರಿಲ್ಲದ ಶವಗಳು. ಬಡವರ ಅಸ್ಥಿಪಂಜರಗಳು ಕಲ್ಕತ್ತೆಯಿಂದ ಜಗತ್ತಿಗೆಲ್ಲ ಹೋಗುತ್ತಿದ್ದವು. 1985ರಲ್ಲಿ ಸರ್ಕಾರ ಆ ರಫ್ತನ್ನು ನಿಲ್ಲಿಸಿತು. ನಿಲ್ಲಿಸಿದ್ದು ಸರಿ. ಅವ್ವನ ಊದುಬತ್ತಿಯಲ್ಲಿ ನನಗಿಂತ ಹೆಚ್ಚಿನ ತಿಳಿವಳಿಕೆ ಇತ್ತು.

ಕೇಳಿ ಪಡೆಯುವ ದಾರಿ ಇಲ್ಲವೆಂದಲ್ಲ. ಬೈಲಹೊಂಗಲದ ಆಯುರ್ವೇದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ ತಮ್ಮ ದೇಹವನ್ನು ಕಲಿಕೆಗೆ ಬಿಟ್ಟುಹೋದರು. 2010ರಲ್ಲಿ ಬೆಳಗಾವಿಯ ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯದಲ್ಲಿ ಅನಾಟಮಿ ಕಲಿಸುತ್ತಿದ್ದ ಅವರ ಮಗ ಡಾ. ಮಹಾಂತೇಶ ರಾಮಣ್ಣವರ ತಂದೆಯ ದೇಹವನ್ನು ತಾವೇ ಛೇದಿಸಿ ವಿದ್ಯಾರ್ಥಿಗಳಿಗೆ ಪಾಠ ಮಾಡಿದರು. ಆ ಸುದ್ದಿ ಓದಿದ ದಿನ ನಾನು ಕ್ಲಿನಿಕ್ ಬೇಗ ಮುಚ್ಚಿದೆ.

ಈಗ ಹಲವಾಗಲಿನ ಹೊಲಗಳಲ್ಲಿ ಮೆಕ್ಕೆಜೋಳ; ಕಳೆಗೆ ಔಷಧಿ ಹೊಡೆಯುತ್ತಾರೆ. ಅಡುಗೆ ನಿಂತು, ಊಟ ಕುರ್ಚಿಯಲ್ಲಿ. ಮೊಣಕಾಲು ನೋವೆಂದು ಬರುವವರಿಗೆ ಕೆಳಗೆ ಕೂರಬೇಡಿ ಎಂದು ನಾನೇ ಬರೆದುಕೊಡುತ್ತೇನೆ. ಆ ಗುರುತಿರುವ ಕಾಲುಗಳು ಇನ್ನು ಒಂದೆರಡು ತಲೆಮಾರು ಇರಬಹುದು. ಅವು ಮಣ್ಣಿಗೆ ಹೋಗುತ್ತವೆ, ಅಚ್ಚಿನ ಮೂಳೆ ಮಕ್ಕಳ ಕೈಗೆ ಬರುತ್ತದೆ.

ನನ್ನ ದೇಹವನ್ನು ಬಳ್ಳಾರಿಗೆ ಕೊಡಬೇಕೆಂದು ಮನೆಯಲ್ಲಿ ಹೇಳಿದ್ದೇನೆ. ಹೆಂಡತಿ ಮಕ್ಕಳು ಒಪ್ಪಿದ್ದಾರೆ. ಅಣ್ಣ ಒಪ್ಪಿಲ್ಲ. "ಅಪ್ಪ ಅವ್ವನ ಸಮಾಧಿ ಪಕ್ಕ ಜಾಗ ಬಿಟ್ಟೀನಲ್ಲೋ ತಮ್ಮಾ" ಅನ್ನುತ್ತಾನೆ. ಬಂಧುಗಳು ಅಡ್ಡ ನಿಂತರೆ ಎಂಥ ದಾನಪತ್ರವಿದ್ದರೂ ದೇಹ ಕಾಲೇಜು ಮುಟ್ಟುವುದಿಲ್ಲ. ಊರಿಗೆ ಹೋದಾಗಲೆಲ್ಲ ಅವನ ಹತ್ತಿರ ಈ ಮಾತು ತೆಗೆಯುತ್ತೇನೆ. ಈ ಸಲದ ಜಾತ್ರೆಗೂ ತೆಗೆಯುತ್ತೇನೆ.